ಸುತ್ತಿಗೆ ಮುನಿರಾಜಣ್ಣನ ಮನೆಗೆ ಬಂದ ಗಂಡು

ನಾನು ಹತ್ತಿರದಿಂದ ಕಂಡ ಮೊದಲ ನಿಜವಾದ ರೌಡಿ ತಾರಸಿಯ ಮೇಲೆ ಕುಳಿತು ಸಂಡಿಗೆ ಕಾಯುತ್ತಿದ್ದರು. ಬಾಗಲಗುಂಟೆಯ ಏಪ್ರಿಲ್ ಬಿಸಿಲು. ಹಳೆಯ ಸೀರೆಯ ಮೇಲೆ ಸಾಲಾಗಿ ಒಣಗುತ್ತಿದ್ದ ಅಕ್ಕಿ ಸಂಡಿಗೆ. ಅದರ ಪಕ್ಕದಲ್ಲಿ ನೆತ್ತಿಗೆ ಒದ್ದೆ ಟವೆಲ್ಲು ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಕಾಗೆಗಳನ್ನು ಹೆದರಿಸುತ್ತ ಕುಳಿತ ನಮ್ಮ ಮನೆಯ ಮಾಲೀಕ ಮುನಿರಾಜಣ್ಣ. ಕಾಗೆಗಳು ಹೆದರುತ್ತಿರಲಿಲ್ಲ. ಅವುಗಳಿಗೆ ಈತನ ಪೂರ್ವಾಶ್ರಮದ ಪರಿಚಯವಿರಲಿಲ್ಲವೆಂದು ಕಾಣುತ್ತದೆ.

ನನಗಿತ್ತು. ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಮಾಡುವ ನಾನು, ಆ ಮನೆಯ ಮಹಡಿಗೆ ಬಾಡಿಗೆಗೆ ಬಂದ ವಾರದಲ್ಲೇ ಎದುರುಮನೆಯವರು ದನಿ ತಗ್ಗಿಸಿ ಹೇಳಿದ್ದರು: 'ಗೊತ್ತಾ ಸಾರ್, ನಿಮ್ಮ ಓನರ್ರು ಒಂದು ಕಾಲದಲ್ಲಿ ಸುತ್ತಿಗೆ ಮುನಿರಾಜ!' ಹೆದರಿ ಗಂಟುಮೂಟೆ ಕಟ್ಟುವುದು ಸಭ್ಯ ಗೃಹಸ್ಥನ ಲಕ್ಷಣ. ನನಗೆ ಮಾತ್ರ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಒಳಗೊಳಗೇ ಪುಳಕವಾಯಿತು. ಹೆಂಡತಿಯ ಎದುರು ದನಿ ಏರಿಸದ, ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಕಿಟಕಿಯಾಚೆ ನೋಡುತ್ತ ಕೂರುವ ನನ್ನಂಥವನಿಗೆ, ನನ್ನ ಪಾದದ ಕೆಳಗೆ, ಬರಿಯ ಹತ್ತಡಿ ಅಂತರದಲ್ಲಿ, ಒಬ್ಬ ಡಾನ್ ಮಲಗಿ ಗೊರಕೆ ಹೊಡೆಯುತ್ತಾನೆಂಬುದು ಹೊಸ ಬೆನ್ನೆಲುಬನ್ನೇ ಕೊಟ್ಟಂತಾಯಿತು. ನೀವು ನಗಬಹುದು, ಆದರೆ ನಮ್ಮಲ್ಲಿ ಎಷ್ಟು ಜನ ಇನ್ನೊಬ್ಬರ ಮೀಸೆಯನ್ನು ಮನಸ್ಸಿನಲ್ಲೇ ತಿರುವಿಕೊಂಡು ಬದುಕುತ್ತೇವೆಂದು ಸ್ವಲ್ಪ ಲೆಕ್ಕ ಹಾಕಿ.

ಪುಳಕವನ್ನು ಒಬ್ಬನೇ ಇಟ್ಟುಕೊಳ್ಳುವುದಾದರೂ ಹೇಗೆ? ಕಾರ್ಖಾನೆಯ ಊಟದ ಬಿಡುವಿನಲ್ಲಿ ಮುನಿರಾಜಣ್ಣ ದಿನಕ್ಕಿಷ್ಟು ಬೆಳೆದರು. ಒಂದೇ ಸುತ್ತಿಗೆಯಿಂದ ಏಳು ಜನರನ್ನು ಮಲಗಿಸಿದರು. ಕಣ್ಣೋಟದಿಂದಲೇ ಚಿಕ್ಕಬಾಣಾವರದ ಬಸ್ಸನ್ನು ನಿಲ್ಲಿಸಿದರು. ಹೆಗಲವರೆಗೆ ಇಳಿಬಿಟ್ಟ ನರೆತ ಕೂದಲನ್ನು ಅವರು ಒಮ್ಮೆ ಹಿಂದಕ್ಕೆ ತಳ್ಳಿದರೆ ಆ ಬೀದಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತವೆಂದು ಹೇಳಿದ್ದೂ ನಾನೇ. ನಮ್ಮ ಮೇಲ್ವಿಚಾರಕ ನಾಗರಾಜ ಅಂತೂ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದ.

ನಿಜಸಂಗತಿಯನ್ನು ಮುನಿರಾಜಣ್ಣ ತಾವಾಗಿಯೇ ಒಂದು ಸಂಜೆ ತಾರಸಿಯಲ್ಲಿ ಹೇಳಿದ್ದರು. ನಾನು ಸುತ್ತಿಗೆಯ ಹೆಸರೆತ್ತಿದಾಗ ಅವರಿಗೆ ನಗು ಬಂತು.

'ಅದಾ ಸಾರ್? ಜಾಲಹಳ್ಳೀಲಿ ಒಬ್ಬ ಬಡಗಿ ಅತ್ರ ಮೊಳೆ ಒಡೀತಿದ್ದೆ. ಅಲ್ಲಿ ಇಬ್ರು ಮುನಿರಾಜ್ರು. ಅವನು ಗರಗಸದ ಮುನಿರಾಜ, ನಾನು ಸುತ್ತಿಗೆ ಮುನಿರಾಜ. ಅಷ್ಟೇಯ.'

ಆಮೇಲೆ ಸೈಟಿನ ಜಗಳಗಳಿಗೆ ಜನ ಸೇರಿಸುವವರ ಹಿಂದೆ ಓಡಾಡಿದ್ದರು. ಓಡಾಡುವುದೆಂದರೆ ಹೆಚ್ಚಾಗಿ ಮರದ ಕೆಳಗೆ ಕಾಯುವುದು, ಯಾರೋ ತರಿಸಿದ ತಣ್ಣನೆಯ ಚಿತ್ರಾನ್ನ ತಿನ್ನುವುದು, ಕರೆದಾಗ ಗುಂಪಿನಲ್ಲಿ ನಿಂತು ಮುಖ ಗಂಟಿಕ್ಕುವುದು. ಒಂದು ದಿನ ಮಾತ್ರ ಗಲಾಟೆ ನಿಜವಾಗಿಯೇ ನಡೆಯಿತು.

'ನಾನು ಒಡೆದಿದ್ದು ಒಬ್ಬನ್ಗೇ ಸಾರ್. ಮಂಡಿ ಚಿಪ್ಪಿಗೆ. ಅವನು ನಂಗೇನೂ ಮಾಡಿರ್ಲಿಲ್ಲ, ನನ್ನಂಗೇ ಬಂದು ನಿಂತಿದ್ದ. ಈಗ್ಲೂ ಕುಂಟ್ಕೊಂಡೇ ಓಡಾಡ್ತಾನೆ, ಚಿಕ್ಕಬಾಣಾವರದ ರೈಲ್ವೆ ಟೇಸನ್ ಅತ್ರ ಹೂವಿನಂಗ್ಡಿ ಮಡಗವ್ನೆ. ನಾನು ಆ ಕಡೆ ತಲೆ ಆಕಲ್ಲ.'

ಜೈಲು, ಜಾಮೀನು, ಬಾಗಿಲ ಸದ್ದಾದರೆ ಮಂಚದ ಕೆಳಗೆ ಮಗುವನ್ನು ತಳ್ಳುತ್ತಿದ್ದ ಹೆಂಡತಿ ಲಕ್ಷ್ಮಮ್ಮ, ಎಲ್ಲ ಬಿಟ್ಟು ಇಪ್ಪತ್ತು ವರ್ಷವಾದರೂ ಪೊಲೀಸರ ರೌಡಿ ಪಟ್ಟಿಯಿಂದ ಅಳಿಯದ ಹೆಸರು, ಎಲ್ಲವನ್ನೂ ಅವರು ರೇಷನ್ ಕಾರ್ಡಿನ ತಿದ್ದುಪಡಿಯ ಕಷ್ಟ ಹೇಳಿಕೊಳ್ಳುವಷ್ಟೇ ಸಪ್ಪೆಯಾಗಿ ಹೇಳಿದರು. ಮರುದಿನ ಊಟದ ಬಿಡುವಿನಲ್ಲಿ ನಾನು ಜೈಲನ್ನು ಉಳಿಸಿಕೊಂಡೆ. ಚಿತ್ರಾನ್ನವನ್ನೂ ಕುಂಟುವವನನ್ನೂ ಕೈಬಿಟ್ಟೆ. ದಂತಕತೆಗಳು ಹುಟ್ಟುವುದೇ ಹೀಗೆ ಇರಬೇಕು. ಅವುಗಳ ಕರ್ತೃಗಳು ಕತ್ತಿ ಹಿಡಿದವರಲ್ಲ; ಕೊಲೆಸ್ಟ್ರಾಲಿಗೆ ಮಾತ್ರೆ ನುಂಗುವ ನನ್ನಂಥ ಸಂಬಳದವರು.

ಮುನಿರಾಜಣ್ಣನ ಒಬ್ಬಳೇ ಮಗಳು ರೂಪಾ. ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. 'ನಮ್ಮನೇಲಿ ರಕ್ತ ತೆಗೆಯೋಳು ನಾನೊಬ್ಳೇ ಅಂಕಲ್, ಅಪ್ಪ ಸಿರಿಂಜ್ ನೋಡಿದ್ರೆ ಕಣ್ಮುಚ್ಕೊಳ್ತಾರೆ' ಎಂದು ನಗಿಸುವವಳು. ಅವಳಿಗೆ ಬಂದ ಮೂರು ಸಂಬಂಧಗಳು, ಬಂದವರು ಬೀದಿಯಲ್ಲಿ ವಿಚಾರಿಸಿದೊಡನೆ, ಬಂದ ದಾರಿಯಲ್ಲೇ ಹಿಂದಿರುಗಿದ್ದವು. ಹೀಗಿರುವಾಗ ನಾಗರಾಜ ಒಂದು ದಿನ, ವೈಟ್‌ಫೀಲ್ಡಿನ ಕಂಪನಿಯಲ್ಲಿರುವ ತನ್ನ ಅಕ್ಕನ ಮಗ ಕಿರಣನಿಗೆ ಆ ಹುಡುಗಿಯನ್ನು ಕೇಳಬಹುದೇ ಎಂದ. 'ಅವರಪ್ಪನ ವಿಷಯ ಗೊತ್ತಲ್ವಾ?' ಎಂದೆ. 'ಗೊತ್ತಿಲ್ದೇ ಏನ್ರೀ, ಪರವಾಗಿಲ್ಲ' ಎಂದ. ಇಂಥ ವಿಶಾಲ ಹೃದಯ ಪೀಣ್ಯದ ಹೊಗೆಯಲ್ಲೂ ಅರಳುವುದುಂಟೇ ಎಂದು ನಾನು ಕರಗಿಹೋದೆ. ಅಂದೇ ಸಂಜೆ ಕೆಳಗಿನ ಮನೆಗೆ ಹೋಗಿ ಆ ಸಂಬಂಧದ ಮಾತೆತ್ತಿದೆ.

ಭಾನುವಾರ ಹತ್ತು ಗಂಟೆಗೆ ಹೆಣ್ಣು ನೋಡುವ ಶಾಸ್ತ್ರ. ಶನಿವಾರ ಸಂಜೆ ಪೇದೆಯೊಬ್ಬರು ಬೈಕಿನಲ್ಲಿ ಬಂದು, ಚುನಾವಣೆ ಹತ್ತಿರವಾದ್ದರಿಂದ ಪಟ್ಟಿಯಲ್ಲಿದ್ದವರೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಮುಂದೆ ಸಾಲಾಗಿ ನಿಲ್ಲಬೇಕೆಂದು ಹೇಳಿಹೋದರು. ಮುನಿರಾಜಣ್ಣ ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತರು.

'ಗಂಡಿನ ಅಪ್ಪ ಅಮ್ಮ ತುಮಕೂರಿಂದ ಒರಟಾಯ್ತು, ಬ್ಯಾಡ ಅನ್ನಂಗಿಲ್ಲ. ಪೊಲೀಸ್ನೋರ್ಗೂ ಬ್ಯಾಡ ಅನ್ನಂಗಿಲ್ಲ. ನೀವೇ ಇರೀಕ ಅಂತ ಕುಂತ್ಕಬುಡಿ ಸಾರ್. ನಾನು ತಿರುಪತಿಗೆ ಓಗಿವ್ನಿ ಅಂದ್ಬುಡಿ.'

ಕಣ್ಣೋಟದಿಂದ ಬಸ್ಸು ನಿಲ್ಲಿಸಿದವರು ನನ್ನ ಮುಂದೆ ಟವೆಲ್ಲಿನ ಅಂಚನ್ನು ತಿರುಚುತ್ತಿದ್ದರು. ಒಪ್ಪಿಕೊಂಡೆ.

ಮರುದಿನ ನಾನು ಇಸ್ತ್ರಿ ಮಾಡಿದ ಶರಟು ತೊಟ್ಟು ಆ ಮನೆಯ ಸೋಫಾದಲ್ಲಿ ಹಿರಿಯನಾಗಿ ವಿರಾಜಮಾನನಾದೆ. ಕಿರಣ, ಅವನ ತಂದೆತಾಯಿ, ನಾಗರಾಜ ಬಂದರು. ತಿರುಪತಿಯ ಸುಳ್ಳನ್ನು ಸಾಕಷ್ಟು ಭಕ್ತಿಯಿಂದಲೇ ಹೇಳಿದೆ. ಲಕ್ಷ್ಮಮ್ಮ ಬೋಂಡ, ಕೇಸರಿಬಾತು ತಂದಿಟ್ಟರು. ಮಾತು ಮುಂದುವರಿಯದೆ ಎಲ್ಲರೂ ಚಮಚ ಆಡಿಸುತ್ತಿದ್ದಾಗ ಗಂಡಿನ ತಂದೆ, ಸಂಕೋಚ ಕಳೆಯಲೆಂದು, ಟೀವಿ ಹಾಕಿದರು.

ಸುದ್ದಿವಾಹಿನಿಯಲ್ಲಿ ಠಾಣೆಯ ಅಂಗಳ. ಬಿಸಿಲಿನಲ್ಲಿ ಸಾಲಾಗಿ ನಿಂತ ಮೂವತ್ತು ನಲವತ್ತು ಗಂಡಸರು. ನಾನು ಊಟದ ಬಿಡುವಿನಲ್ಲಿ ಕಟ್ಟಿದ ಸಾಮ್ರಾಜ್ಯದ ಸಾಮಂತರು ಇವರೇ ಇರಬೇಕು: ಒಬ್ಬ ಹೊಟ್ಟೆಯ ಹರ್ನಿಯಾ ಹಿಡಿದುಕೊಂಡಿದ್ದ, ಒಬ್ಬನ ಚಪ್ಪಲಿಗೆ ಸೇಫ್ಟಿ ಪಿನ್ನು, ಒಬ್ಬ ಕನ್ನಡಕ ಮರೆತು ಬಂದು ಅಧಿಕಾರಿ ಯಾವ ಕಡೆ ಇದ್ದಾರೆಂದು ತಿಳಿಯದೆ ಕಂಬಕ್ಕೆ ಕೈಮುಗಿಯುತ್ತಿದ್ದ. ನಾಲ್ಕನೆಯವರು, ಗೆರೆಯ ಶರಟಿನಲ್ಲಿ, ಬಗ್ಗಿ ನಿಂತವರು, ನಮ್ಮ ಮುನಿರಾಜಣ್ಣ. ರಿಮೋಟು ಎಲ್ಲಿದೆಯೆಂದು ನಾನು ಹುಡುಕುವಷ್ಟರಲ್ಲಿ ಕ್ಯಾಮೆರಾ ಅವರ ಮುಖಕ್ಕೇ ಬಂತು, ಕೆಳಗೆ 'ಸುತ್ತಿಗೆ ಮುನಿರಾಜ' ಎಂಬ ಹೆಸರೂ ಮೂಡಿತು.

'ಏನಯ್ಯಾ ಈ ವಯಸ್ಸಲ್ಲಿ ಕೂದ್ಲು ಇಷ್ಟುದ್ದ? ಇನ್ನೂ ಹೀರೋನಾ?' ಅಧಿಕಾರಿಯ ದನಿ.

'ಇಲ್ಲ ಸಾ. ಮಗಳ ಮದ್ವೆ ಆಗ್ಲಿ, ಮುಡಿ ಕೊಡ್ತೀನಿ ಅಂತ ಅರಕೆ ಒತ್ತಿವ್ನಿ ಸಾ. ಎರಡು ವರ್ಸ ಆಯ್ತು.'

'ಎಲ್ಲರದ್ದೂ ಒಂದೊಂದು ಹರಕೆ. ಕತ್ತರಿಸ್ರೀ ಇದನ್ನ.'

ಹಿಂದಿನಿಂದ ಬಂದ ಮಿಷಿನ್ನು ಒಂದೇ ಎಳೆತಕ್ಕೆ ಕತ್ತಿನಿಂದ ನೆತ್ತಿಯವರೆಗೆ ದಾರಿ ಮಾಡಿತು. ಮುನಿರಾಜಣ್ಣ ಕಣ್ಣು ಮುಚ್ಚಿಕೊಂಡರು.

ಲಕ್ಷ್ಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ರೂಪಾಳಿಗೂ ಆ ಹರಕೆಯ ವಿಷಯ ಅಂದೇ ತಿಳಿದದ್ದು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗಂತೂ ಆ ಕೂದಲಿನ ಮೇಲೆ ನಾನು ಕಟ್ಟಿದ ನಾಯಿಗಳ ಕತೆ ನೆನಪಾಗಿ, ಸೋಫಾದೊಳಗೆ ಇಳಿದುಹೋದರೆ ಸಾಕೆನಿಸಿತು. ಈಗ ಗಂಡಿನ ತಂದೆ ಎದ್ದು ಚಪ್ಪಲಿ ಮೆಟ್ಟುತ್ತಾರೆ ಎಂದು ಕಾದೆ.

ಆದರೆ ಎದ್ದದ್ದು ಕಿರಣ. ಮೊಬೈಲ್ ತೆಗೆದು ಟೀವಿಯ ಫೋಟೋ ಹೊಡೆಯುತ್ತಿದ್ದ. ಕಣ್ಣಲ್ಲಿ ದೀಪಾವಳಿ.

'ಸೂಪರ್! ನಾಗರಾಜ ಮಾವ ಹೇಳಿದ್ದು ನಿಜಾನೇ. ಅದೇ ಸುತ್ತಿಗೆ ಮುನಿರಾಜ್! ಏನ್ ಲುಕ್ಕು ಗುರು! ಏಳು ಜನಾನ ಒಬ್ರೇ ಹೊಡೆದಿದ್ದು ಅಲ್ವಾ ಅಂಕಲ್?' ಕೊನೆಯ ಪ್ರಶ್ನೆ ನನಗೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾಗರಾಜನ ವಿಶಾಲ ಹೃದಯದ ವಿಳಾಸ ನನಗಾಗ ಸಿಕ್ಕಿತು. ನನ್ನ ಕತೆಗಳು ಊಟದ ಬಿಡುವಿನಿಂದ ಹೊರಟು, ವೈಟ್‌ಫೀಲ್ಡಿಗೆ ಹೋಗಿ, ವರನಾಗಿ ಮರಳಿ ಬಂದಿದ್ದವು. ಕಿರಣ ಮಾತು ನಿಲ್ಲಿಸಲಿಲ್ಲ. ಅವನ ಗೆಳೆಯರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದಾನಂತೆ. ಛತ್ರದೊಳಕ್ಕೆ ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು, ತೆರೆದ ಜೀಪಿನಲ್ಲಿ ನಿಂತು ಬರಬೇಕಂತೆ. 'ಆಫೀಸ್‌ನಲ್ಲಿ ಇನ್ನು ನನ್ನ ಯಾರೂ ಮುಟ್ಟಂಗಿಲ್ಲ' ಎಂದು ನಕ್ಕ. ಅವನ ತಂದೆಯೂ, ಜಮೀನಿನ ತಕರಾರೊಂದಿದೆ, ಬೀಗರಿಂದ ಸ್ವಲ್ಪ ಸಹಾಯವಾಗಬಹುದು ಎಂಬಂತೆ ಗಂಟಲು ಸರಿಪಡಿಸಿಕೊಂಡರು.

ರೂಪಾ ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ದಿನಕ್ಕೆ ಐವತ್ತು ಜನರ ನರ ಹುಡುಕುವ ಕೈ ಅದು.

'ಹೊಡೆದಿದ್ದು ಒಬ್ಬರಿಗೆ. ಅವರು ಈಗಲೂ ಕುಂಟ್ತಾರೆ. ತಿಂಗಳಿಗೊಂದ್ಸಲ ಶುಗರ್ ಟೆಸ್ಟಿಗೆ ನಮ್ಮ ಲ್ಯಾಬಿಗೆ ಬರ್ತಾರೆ. ನಾನು ಯಾರ ಮಗಳು ಅಂತ ಅವರಿಗೆ ಗೊತ್ತು. ಗೊತ್ತಿದ್ದೂ ನನ್ನ ಕೈಗೇ ತೋಳು ಕೊಡ್ತಾರೆ. ಮೊದಲ ಸಲ ಅವರ ರಕ್ತ ತೆಗೆದಾಗ ನಾನು ಸ್ಟೋರ್ ರೂಮಿಗೆ ಹೋಗಿ ಅತ್ತಿದ್ದೆ.' ಲೋಟಗಳನ್ನು ಒಂದೊಂದಾಗಿ ಅವರ ಮುಂದೆ ಸರಿಸಿದಳು. 'ನಂಗೆ ಈ ಮದುವೆ ಬೇಡ. ಕಾಫಿ ಕುಡಿದು ಹೋಗಿ.'

'ಅಯ್ಯೋ, ನಾವೇ ಒಪ್ಪಿದೀವಿ ಅಂದ್ಮೇಲೆ?' ಎಂದರು ಕಿರಣನ ತಾಯಿ, ನಿಜವಾಗಿಯೂ ಅರ್ಥವಾಗದೆ.

'ಅದಕ್ಕೇ ಆಂಟಿ.'

ಅವರು ಕಾಫಿ ಕುಡಿಯದೆ ಹೋದರು. ನಾಗರಾಜ ಹೋಗುವಾಗ ನನ್ನತ್ತ ನೋಡಿದ ನೋಟ, ಅಳತೆ ತಪ್ಪಿದ ಸ್ಪ್ರಿಂಗನ್ನು ನಾನು ನೋಡುವ ನೋಟದಂತಿತ್ತು.

ಒಂದು ಗಂಟೆಯ ಹೊತ್ತಿಗೆ ಮುನಿರಾಜಣ್ಣ ಬಂದರು. ತಲೆ ಅಲ್ಲಲ್ಲಿ ಬೋಳು, ಅಲ್ಲಲ್ಲಿ ಮೋಟು ಹುಲ್ಲು. ಹೊಸ್ತಿಲಲ್ಲೇ ನಿಂತು, ಮೊದಲು ಬೋಂಡದ ತಟ್ಟೆಗಳನ್ನು, ಆಮೇಲೆ ನಮ್ಮ ಮುಖಗಳನ್ನು ನೋಡಿದರು.

'ಏನಂದ್ರವ್ವ?'

'ಒಪ್ಪಿದ್ರು ಅಪ್ಪ. ನಾನೇ ಬೇಡ ಅಂದೆ.'

'ಯಾಕೆ?' ಎಂದವರು, ತಲೆ ಸವರಿಕೊಂಡು, 'ನನ್ನಿಂದಾನಾ?' ಎಂದರು.

'ಹೂಂ, ನಿನ್ನಿಂದಾನೇ,' ಎಂದಳು ರೂಪಾ. 'ಅವನಿಗೆ ನೀನು ತುಂಬಾ ಇಷ್ಟ ಆಗ್ಬಿಟ್ಟಿದ್ದೆ.'

ಮುನಿರಾಜಣ್ಣ ಮಗಳನ್ನು ನೋಡಿದರು. ಆಮೇಲೆ ನನ್ನನ್ನು. ಏನೋ ತಪ್ಪೊಪ್ಪಿಕೊಳ್ಳಲು ನಾನು ಬಾಯಿ ತೆರೆದೆ. ಏಳು ಜನ, ಬಸ್ಸು, ನಾಯಿಗಳು, ಯಾವುದರಿಂದ ಶುರುಮಾಡಲಿ ಎಂದು ಲೆಕ್ಕ ಹಾಕುತ್ತಿದ್ದೆ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ, ಏಕೆಂದರೆ ಕೈ ಅಡ್ಡ ಮಾಡಿ ತಡೆದರು. 'ಇರ್ಲಿ ಬುಡಿ ಸಾರ್,' ಎಂದರು. 'ಬೆನ್ನೆಲ್ಲ ಕೂದ್ಲು ಚುಚ್ತೈತೆ. ನೀರು ಉಯ್ಕಂಡು ಬತ್ತೀನಿ.'

ಬಚ್ಚಲಮನೆಯ ಬಾಗಿಲು ಹಾಕಿಕೊಂಡಿತು. ನಲ್ಲಿಯ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ರೂಪಾ ಹೋಗಿ ಆ ಬಾಗಿಲಿನ ಹೊರಗೆ, ಕೈಯಲ್ಲಿ ಒಣ ಟವೆಲ್ಲು ಹಿಡಿದು, ಗೋಡೆಗೆ ಒರಗಿ ನಿಂತಳು. ನಾನು ಸದ್ದಿಲ್ಲದೆ ಮೆಟ್ಟಿಲಿನತ್ತ ಸರಿಯುತ್ತಿದ್ದಾಗ ಲಕ್ಷ್ಮಮ್ಮ ಅಡ್ಡ ಬಂದರು. ಬಂದವರಿಗೆಂದು ಕರಿದು, ಯಾರೂ ಮುಟ್ಟದ ಬೋಂಡಗಳನ್ನೆಲ್ಲ ಒಂದೇ ತಟ್ಟೆಗೆ ಸುರಿದಿದ್ದರು.

'ಕುಂತ್ಕಳಿ ಸಾರ್. ನೀವು ತಂದ ಸಂಬಂಧ. ನೀವೇ ಖಾಲಿ ಮಾಡಿ.'

ಆ ದನಿಯನ್ನು ಮೀರುವ ಧೈರ್ಯ ಯಾವ ಡಾನಿಗೂ ಇರಲಾರದು. ಕುಳಿತೆ. ಬೋಂಡಗಳು ತಣ್ಣಗಾಗಿ ಎಣ್ಣೆ ಬಿಟ್ಟಿದ್ದವು. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದರು. ನಾನು ಕೊನೆಯದನ್ನು ನುಂಗುವವರೆಗೆ ಕದಲಲಿಲ್ಲ.