ಎವ್ಡೊಕಿಯಾಳ ನೆಲಮಾಳಿಗೆಯ ಬಿಸಿಯುಸಿರು

ನಮ್ಮ ನಿಸಿರೊಸ್ ದ್ವೀಪದ ಎವ್ಡೊಕಿಯಾ ಹುಟ್ಟಿದ್ದು ಜ್ವಾಲಾಮುಖಿಯ ಅಂಚಿನ ಊರಿನಲ್ಲೇ ಆದರೂ ಅರವತ್ತೆರಡು ವರ್ಷ ಅದರ ಕುಳಿಗೆ ಇಳಿದವಳಲ್ಲ. ನಾನು ಆ ಕುಳಿಯ ಗೇಟಿನಲ್ಲಿ ಚೀಟಿ ಹರಿಯುವವನು. ದೋಣಿಯಲ್ಲಿ ಬಂದವರು ಬಾಯಿ ಬಿಟ್ಟುಕೊಂಡು ನೋಡುವ ಹಬೆಯನ್ನು ಅವಳು ತನ್ನ ನೆಲಮಾಳಿಗೆಯಲ್ಲೇ ಸಾಕಿಕೊಂಡಿದ್ದಳು. ಅಲ್ಲಿ ಗೋಡೆಯ ತೂತಿನಿಂದ ಬರುವ ಬಿಸಿಯುಸಿರಿನ ಎದುರು ಇಟ್ಟರೆ ಹಿಟ್ಟು ಎರಡೇ ತಾಸಿಗೆ ಉಬ್ಬುತ್ತಿತ್ತು. ಈಸ್ಟರ್ ಬಂದರೆ ಇಡೀ ಊರಿಗೆ ಅವಳದೇ ಸಿಹಿ ಬ್ರೆಡ್. ಆ ಹೆಮ್ಮೆ ಅವಳ ನಡಿಗೆಯಲ್ಲೂ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಕೆಲವೊಮ್ಮೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಹಬ್ಬಕ್ಕೆ ಮೂರು ದಿನವಿದ್ದಾಗ ಹಿಟ್ಟು ಉಬ್ಬಲೇ ಇಲ್ಲ. ತೂತು ತಣ್ಣಗಾಗಿತ್ತು. ಗಂಡ ಪಾಂಟೆಲಿಸ್ ಹಿಂದಿನ ವಾರವಷ್ಟೇ ನೆಲಮಾಳಿಗೆಯ ಬಿರುಕುಬಿಟ್ಟ ನೆಲಕ್ಕೆ ಸಿಮೆಂಟು ಬಳಿದಿದ್ದ.

"ತೂತು ಮುಟ್ಟೇ ಇಲ್ಲ ಕಣೇ, ದೇವರಾಣೆ!" ಎಂದ.

ಹಾಗಾದರೆ ಬೆಟ್ಟಕ್ಕೇ ಏನೋ ಆಗಿದೆ ಎಂದು ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಗೇಟಿಗೆ ಬಂದಳು.

"ಏನಕ್ಕಾ, ದಾರಿ ತಪ್ಪಿತಾ?"

"ಬಾಯ್ಮುಚ್ಕೊಂಡು ಗೇಟ್ ತೆಗಿ. ಇದು ಬದುಕಿದ್ಯೋ ಸತ್ತಿದ್ಯೋ ನೋಡ್ಬೇಕು."

ಗೇಟು ಬಿಟ್ಟು ನಾನೂ ಹಿಂದೆ ಹೋದೆ. ಹಳದಿ ಗಂಧಕದ ನಡುವೆ ಪ್ರತಿ ತೂತಿನ ಮುಂದೂ ಕುಕ್ಕುರುಗಾಲಲ್ಲಿ ಕೂತು, "ಇದ್ಯಾಕೆ ಬುಸುಗುಡುತ್ತೆ? ಅದ್ಯಾಕೆ ಸುಮ್ನಿದೆ?" ಎಂದು ನನ್ನ ಪ್ರಾಣ ತಿಂದಳು. ಅಷ್ಟರಲ್ಲಿ ಪ್ರವಾಸಿಯೊಬ್ಬ ತಮಾಷೆಗೆ ಒಂದು ತೂತಿನ ಮೇಲೆ ಚಪ್ಪಟೆ ಕಲ್ಲು ತಳ್ಳಿದ. ಅದು ಸುಮ್ಮನಾಯಿತು, ಸ್ವಲ್ಪ ಹೊತ್ತಿಗೆ ಹಬೆ ಎವ್ಡೊಕಿಯಾಳ ಕಾಲ ಬಳಿ ಎದ್ದಿತು. ಅವನ ಕೈಯಲ್ಲಿ ಅದನ್ನೇ ಮೂರು ಸಲ ಮಾಡಿಸಿ ನೋಡಿದಳು.

"ಹಾಳಾದ ಪಾಂಟೆಲಿಸ್, ಬಿರುಕಿಗೆಲ್ಲ ಸಿಮೆಂಟು ಮೆತ್ತಿದ್ನಲ್ಲ! ಹಬೆ ಸತ್ತಿಲ್ಲ ಕಣೋ. ಎಲ್ಲೋ ಪಕ್ಕಕ್ಕೆ ಹೋಗಿದೆ."

ಅವಳ ಪಕ್ಕದ ಮನೆ ಕಲ್ಲಿಯೋಪಿಯದು. ಅಂಜೂರದ ಮರವೊಂದರ ಜಗಳದಲ್ಲಿ ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಎವ್ಡೊಕಿಯಾ ಮನೆಗೆ ಬಂದವಳೇ ಹಿಟ್ಟಿನ ಬೋಗುಣಿಯನ್ನು ಸೊಂಟಕ್ಕೇರಿಸಿಕೊಂಡು ಅಲ್ಲಿಗೇ ಹೊರಟಳು. ನಾನೂ ಬಿಡಲಿಲ್ಲ; ಇಂಥದ್ದನ್ನು ನೋಡದೆ ಇರಲಾದೀತೆ?

ಕಲ್ಲಿಯೋಪಿ ಕೋಟು ತೊಟ್ಟು, ಗಂಟುಮೂಟೆ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಆರು ದಿನ ಆಯ್ತು, ಅಡುಗೆಮನೆ ನೆಲ ಸುಡ್ತಾ ಇದೆ," ಎಂದಳು, ಯಾರಿಗೆ ಎಂದಿಲ್ಲದೆ. "ಬೆಟ್ಟ ನನ್ ಮನೆ ಕೆಳಗೇ ಸಿಡಿಯುತ್ತೆ."

"ಆರು ದಿನದಿಂದ ಒಬ್ಳೇ ಹೆದರ್ಕೊಂಡು ಕೂತಿದ್ದೀಯಾ? ನನ್ನ ಕೇಳ್ಬಾರ್ದಿತ್ತಾ?"

"ನಿನ್ನನ್ನಾ?"

ಎವ್ಡೊಕಿಯಾ ಒಳಗೆ ಹೋಗಿ ಅಡುಗೆಮನೆಯ ನೆಲಕ್ಕೆ ಅಂಗೈ ಒತ್ತಿದಳು, ಬೋಗುಣಿ ಇಟ್ಟು ಬಟ್ಟೆ ಮುಚ್ಚಿದಳು.

"ಗಂಟು ಬಿಚ್ಚೇ," ಎಂದಳು. "ಇದು ನಮ್ಮನೆ ಹಬೆ. ದಾರಿ ತಪ್ಪಿ ಬಂದಿದೆ."