ನೊರೆ ತೊಟ್ಟು ಮೂರನೇ ಮಹಡಿಗೆ

ಕಂಡಕ್ಟರಮ್ಮ ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಲೋಕ ನೋಡಿದವರು. ಟಿಕೆಟ್ ಇಲ್ಲದೆ ಕೂತವರನ್ನು ಬೆನ್ನು ನೋಡಿಯೇ ಗುರುತಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಆ ವಿದ್ಯೆಯೆಲ್ಲ ದೊರೆಯ ಮೈಮೇಲೆ ಖರ್ಚಾಗುತ್ತಿತ್ತು. ದೊರೆ ಎಂದರೆ ಅವರ ನಾಯಿ. ಕಂದು ಬಣ್ಣ, ಒಂದು ಕಿವಿ ನಿಂತದ್ದು, ಇನ್ನೊಂದು ಬಿದ್ದದ್ದು. ವಂಶಾವಳಿ ಮಾತ್ರ ಯಾರೂ ಕೇಳಬಾರದು.

ತಿಂಗಳಿಗೊಂದು ಭಾನುವಾರ ಕಟ್ಟಡದ ಅಂಗಳದ ನಲ್ಲಿಯ ಕೆಳಗೆ ದೊರೆಗೆ ಚಿಗಟದ ಶಾಂಪೂ ಸ್ನಾನ. ಮೊದಲ ನೊರೆ ಕುತ್ತಿಗೆಯ ಸುತ್ತ. ಬೆನ್ನಿಗೆ ನೀರು ಬಿದ್ದರೆ ಸಾಕು, ಚಿಗಟಗಳು ಮುಖದ ಕಡೆ ಓಡಿ ಕಿವಿಯಲ್ಲಿ ಅವಿತುಕೊಳ್ಳುತ್ತವೆ. "ಮುಂದಿನ ಬಾಗಿಲು ಮುಚ್ಚದೆ ಹಿಂದಿನಿಂದ ಚೆಕಿಂಗ್ ಶುರು ಮಾಡೋನು ದಡ್ಡ" ಎಂಬುದು ಕಂಡಕ್ಟರಮ್ಮನ ಯುದ್ಧನೀತಿ. ಆಮೇಲೆ ಬೆನ್ನು, ಹೊಟ್ಟೆ, ಬಾಲದ ಬುಡ. ನೊರೆ ಹತ್ತು ನಿಮಿಷ ಮೈಮೇಲಿರಬೇಕು. ಬೇಗ ತೊಳೆದರೆ ಶತ್ರು ಸಾಯುವುದಿಲ್ಲ, ತಡವಾದರೆ ದೊರೆಯ ಚರ್ಮ ಉರಿಯುತ್ತದೆ.

ಒಂದು ಸೋಮವಾರ ಮೆಟ್ಟಿಲ ಬಳಿ ನೋಟೀಸು ಕಾಣಿಸಿಕೊಂಡಿತು. ಕಟ್ಟಡದಲ್ಲಿ ಚಿಗಟಗಳ ಕಾಟ ಹೆಚ್ಚಿರುವುದರಿಂದ ನೆಲಮಹಡಿಯ ನಾಯಿಯನ್ನು ಹದಿನೈದು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ಅಂಗಳದ ನಲ್ಲಿಯಲ್ಲಿ ಪ್ರಾಣಿಗಳನ್ನು ತೊಳೆಯತಕ್ಕದ್ದಲ್ಲ. ಕೆಳಗೆ ಮೂರನೇ ಮಹಡಿಯ ಸೆಕ್ರೆಟರಿಯ ಸಹಿ. ಅದರ ಮೇಲೆ ರಬ್ಬರ್ ಸ್ಟಾಂಪು, ಒಂದಲ್ಲ, ಎರಡು.

ಕಂಡಕ್ಟರಮ್ಮ ಸೆಕ್ರೆಟರಿಯನ್ನು ಮೆಟ್ಟಿಲಲ್ಲೇ ಅಡ್ಡಗಟ್ಟಿದರು. "ನಾಯಿ ಗಲೀಜು ಅಂತೀರಿ, ತೊಳೀಬೇಡಿ ಅಂತೀರಿ. ನಿಮ್ಮ ಹಲ್ಲಿಗೂ ಇದೇ ರೂಲಾ ಸಾರ್?"

"ರೂಲು ರೂಲೇ ಮೇಡಂ. ತೊಳೆದಾಗಲೇ ಚಿಗಟ ಹಾರೋದು, ಕಟ್ಟಡಕ್ಕೆಲ್ಲ ಹರಡೋದು."

"ಹಾಗಿದ್ರೆ ಭಾನುವಾರ ಬಂದು ನೋಡಿ."

ಭಾನುವಾರ ಹತ್ತು ಗಂಟೆಗೆ ಸೆಕ್ರೆಟರಿ ಬಂದರು. ಆದರೆ ನೋಡಲು ಅಲ್ಲ. ದೊರೆ ಮೂಗಿನ ತುದಿಯೊಂದನ್ನು ಬಿಟ್ಟು ಪೂರ್ತಿ ಬೆಳ್ಳಗಾಗಿ ನಿಂತಿದ್ದಾಗ, ಗೋಡೆಯ ಪಕ್ಕದ ವಾಲ್ವನ್ನು ತಿರುಗಿಸಿ ಮುಚ್ಚಿ, ಅದರ ಹಿಡಿ ಕಿತ್ತು ಜೇಬಿಗೆ ಹಾಕಿಕೊಂಡರು. ಅಂಗಳಕ್ಕೂ ನೆಲಮಹಡಿಗೂ ಅದೊಂದೇ ವಾಲ್ವು. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಕಂಡಕ್ಟರಮ್ಮ ಗಡಿಯಾರ ನೋಡಿದರು. ಆರು ನಿಮಿಷ ಕಳೆದಿತ್ತು. ಕೈಮುಗಿದು ಬೇಡುವ ಅಭ್ಯಾಸ ಅವರಿಗಿರಲಿಲ್ಲ. ಬಸ್ಸು ಕೆಟ್ಟು ನಿಂತಾಗಲೂ ಅವರು ತಳ್ಳಿಸಿದವರೇ ಹೊರತು ಅತ್ತವರಲ್ಲ.

"ನಡಿ ದೊರೆ. ನೀರು ನಿಲ್ಲಿಸಿದೋರ ಮನೇಲಿ ನೀರು ಇದ್ದೇ ಇರುತ್ತೆ."

ಹೊರಟಿತು ದಂಡು. ಮುಂದೆ ಸೀರೆ ಎತ್ತಿ ಕಟ್ಟಿದ ಸೇನಾಪತಿ, ಕೈಯಲ್ಲಿ ಹಗ್ಗ. ನಡುವೆ ಮೆಟ್ಟಿಲಿಗೊಂದು ನೊರೆಯ ಹೆಜ್ಜೆ ಒತ್ತುತ್ತ ದೊರೆ. ಹಿಂದೆ "ಮೇಡಂ, ಇದು ಸರಿಯಲ್ಲ, ಮೇಡಂ" ಎನ್ನುತ್ತ ಏದುಸಿರು ಬಿಡುವ ಸೆಕ್ರೆಟರಿ.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆದವರು ಸೆಕ್ರೆಟರಿಯ ತಾಯಿ. ಅಜ್ಜಿ ಒಂದು ಕಾಲಿನ ಹೆಬ್ಬೆರಳಿಂದ ಇನ್ನೊಂದು ಕಾಲನ್ನು ಕೆರೆಯುತ್ತ ನಾಯಿಯನ್ನು ಮೇಲಿಂದ ಕೆಳಗೆ ನೋಡಿದರು.

"ಬಚ್ಚಲು ಎಲ್ಲಿದೆ ಅಮ್ಮ? ಇನ್ನು ಎರಡೇ ನಿಮಿಷ, ಆಮೇಲೆ ಮೈ ಉರಿಯುತ್ತೆ ಇವನಿಗೆ."

"ಎಡಗಡೆ ಹೋಗವ್ವ. ಬಿಸಿನೀರು ಬೇಕಾ?"

"ಬೇಡ, ಉಗುರು ಬೆಚ್ಚಗಿದ್ರೆ ಸಾಕು."

ಹನ್ನೊಂದನೇ ನಿಮಿಷಕ್ಕೆ ದೊರೆ ಮತ್ತೆ ಕಂದು ಬಣ್ಣಕ್ಕೆ ತಿರುಗಿದ. ಕಂಡಕ್ಟರಮ್ಮ ಹಣಿಗೆಯಿಂದ ಬಾಚಿ, ಎರಡು ಸತ್ತ ಚಿಗಟಗಳನ್ನು ಸೆಕ್ರೆಟರಿಯ ಮುಂದೆ ಹಿಡಿದರು. "ಇವನ ಮೈಮೇಲೆ ಎರಡಿದ್ವು. ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಇರುತ್ವೆ ಅಂತಲೇ ತೊಳೆಯೋದು." ಆಮೇಲೆ ಅಜ್ಜಿಯ ಕಡೆ ತಿರುಗಿದರು. "ನಿಮ್ಮ ಕಾಲಿಗೆ ಏನಾಗಿದೆ ಅಮ್ಮ?"

ಅಜ್ಜಿ ಸೀರೆ ಎತ್ತಿ ತೋರಿಸಿದರು. ಕಣಕಾಲಿನ ಸುತ್ತ ಕೆಂಪು ಗುಳ್ಳೆಗಳ ಸಾಲು. "ಒಂದು ತಿಂಗಳಾಯ್ತು. ವಯಸ್ಸಾದ ಚರ್ಮ, ಒಣಗಿದೆ ಅಂತಾನೆ ಇವನು."

"ನೀವು ಕೂರೋದೆಲ್ಲಿ?"

"ಅಗೋ, ಆ ಸೋಫಾ. ಯಾರದೋ ಮನೆ ಖಾಲಿ ಮಾಡುವಾಗ ಅಗ್ಗಕ್ಕೆ ಸಿಕ್ತು ಅಂತ ಹೋದ ತಿಂಗಳು ತಂದ. ಅವರ ಮನೇಲಿ ನಾಲ್ಕು ಬೆಕ್ಕಂತೆ."

ಬೆಕ್ಕಿನ ಮಾತಿಗೆ ಸೆಕ್ರೆಟರಿ ಕಿಟಕಿಯ ಹೊರಗೆ ನೋಡತೊಡಗಿದರು. ಕಂಡಕ್ಟರಮ್ಮ ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಹಾಸಿ, ಸೋಫಾದ ಸಂದಿನಿಂದ ಎಳ್ಳಿನಂಥ ಕಪ್ಪು ಪುಡಿಯನ್ನು ಅದರ ಮೇಲೆ ಉದುರಿಸಿದರು. ಬರೀ ಧೂಳಾದರೆ ಕಪ್ಪಾಗೇ ಇರಬೇಕು. ಚಿಗಟದ ಹಿಕ್ಕೆಯಾದರೆ ಕುಡಿದ ರಕ್ತ ಕಕ್ಕಬೇಕು. ಮೂವರೂ ಬಗ್ಗಿ ನೋಡಿದರು. ದೊರೆಯೂ ಮೂಗು ತೂರಿಸಿದ. ಕಪ್ಪು ಚುಕ್ಕೆಗಳ ಸುತ್ತ ನಿಧಾನವಾಗಿ ಕೆಂಪು ಹರಡಿತು.

"ಲೋ," ಎಂದರು ಅಜ್ಜಿ, "ಒಣ ಚರ್ಮ ಅಂದ್ಯಲ್ಲೋ."

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ನೋಟೀಸು ವಾಪಸ್ ತಗೋಬೇಕಾದ್ರೆ ಸಭೆ ಕರೀಬೇಕಾಗುತ್ತೆ ಮೇಡಂ."

"ಇವನನ್ನ ಓಡಿಸೋಕೆ ಸಭೆ ಕರೆದಿದ್ರಾ?" ಕಂಡಕ್ಟರಮ್ಮ ಊಟದ ಮೇಜಿನ ಕುರ್ಚಿ ಎಳೆದು ಕೂತರು. ದೊರೆ ಬಾಗಿಲಿಗೆ ಅಡ್ಡವಾಗಿ ಮಲಗಿದ. "ಬರೀರಿ. ನನಗೇನೂ ಅವಸರ ಇಲ್ಲ."

ಪೆನ್ನು ತಂದುಕೊಟ್ಟವರು ಅಜ್ಜಿ. ನಾಯಿ ನೆಲಮಹಡಿಯಲ್ಲೇ ಇರುತ್ತದೆ, ಅಂಗಳದ ನಲ್ಲಿಯಲ್ಲೇ ಸ್ನಾನ ಮಾಡುತ್ತದೆ, ಚಿಗಟಗಳ ಮೂಲ ಪತ್ತೆಯಾಗಿದೆ ಎಂದು ಬರೆದು ಸೆಕ್ರೆಟರಿ ಪೆನ್ನಿನ ಮುಚ್ಚಳ ಹಾಕಹೊರಟರು.

"ಎಲ್ಲಿ ಪತ್ತೆಯಾಯ್ತು ಅಂತ ಯಾರು ಬರೀತಾರೆ?" ಕಂಡಕ್ಟರಮ್ಮ ತಡೆದರು.

ಸೆಕ್ರೆಟರಿ ತಾಯಿಯ ಮುಖ ನೋಡಿದರು. ತಾಯಿ ಕಾಲು ಕೆರೆದುಕೊಳ್ಳುತ್ತಿದ್ದರು. ಕೊನೆಗೆ ಕಾಗದದ ಮೂಲೆಯಲ್ಲಿ, ಇರುವೆ ಸಾಲಿನಂತೆ, "ಮೂರನೇ ಮಹಡಿ" ಎಂದು ಬರೆದರು.

"ಇನ್ನೂ ದಪ್ಪಗೆ ಬರೀರಿ ಸಾರ್," ಎಂದರು ಕಂಡಕ್ಟರಮ್ಮ. "ಕನ್ನಡಕ ಮರೆತು ಬಂದೋರೂ ಓದ್ಬೇಕು."