ವಿಠ್ಠಲರಾಯರ ಅಂಗಳ ತೊಳೆದದ್ದು

ದಾಂಡೇಲಿಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ಮದುವೆಯ ಚಪ್ಪಲಿಗಳ ಮೇಲೆ ಹಸಿರು ಬೆಳೆಯಿತು. ಕೆಲವು ದಿನ ಹಾಕಿಕೊಳ್ಳದೆ ಮೂಲೆಯಲ್ಲಿಟ್ಟಿದ್ದೆ, ಅಷ್ಟೇ. ತೆಗೆದು ನೋಡಿದರೆ ಚರ್ಮವೇ ಕಾಣದಂತೆ ನುಣ್ಣನೆಯ ಬೂಷ್ಟು. ನಮ್ಮ ಅಥಣಿ ಕಡೆಯವರಿಗೆ ಇದನ್ನು ನಂಬುವುದು ಕಷ್ಟ. ನಮ್ಮಲ್ಲಿ ಮೂಲೆಯಲ್ಲಿಟ್ಟ ಚಪ್ಪಲಿಗೆ ಧೂಳು ಕೂರುತ್ತದೆ, ಕೊಡವಿದರೆ ಹೋಗುತ್ತದೆ. ಇಲ್ಲಿ ಕೊಡವಿದರೆ ಹೋಗುವಂಥದ್ದು ಏನೂ ಇಲ್ಲ.

ಗಂಡ ಬಸವರಾಜನಿಗೆ ಇಲ್ಲಿನ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತ್ತು. ನಾವಿಬ್ಬರು ಮತ್ತು ಅತ್ತೆ ಗಂಗವ್ವ, ಮೂವರೂ ಬಂದು ಅಂಬೇವಾಡಿಯಲ್ಲಿ ವಿಠ್ಠಲರಾಯರ ಮನೆಯ ಹಿಂದಿದ್ದ ಚಿಕ್ಕ ಮನೆಯನ್ನು ಬಾಡಿಗೆಗೆ ಹಿಡಿದೆವು. ಗೇಟಿನಿಂದ ನಮ್ಮ ಬಾಗಿಲವರೆಗೆ ಉದ್ದಕ್ಕೂ ಕಾಂಕ್ರೀಟಿನ ಅಂಗಳ. ಬೇಸಿಗೆಯಲ್ಲಿ ನೋಡಿದಾಗ ಗಂಗವ್ವನಿಗೆ ಅದು ಬಹಳ ಹಿಡಿಸಿತ್ತು. ಸಗಣಿ ಸಾರಿಸುವ ಕೆಲಸ ತಪ್ಪಿತು, ಜೋಳ ಒಣಹಾಕಲು ಜಾಗವಾಯಿತು ಎಂದಿದ್ದಳು.

ಜೋಳ ಒಣಗಲೇ ಇಲ್ಲ. ಮಳೆ ಹಿಡಿಯಿತೆಂದರೆ ಹಿಟ್ಟಿಗೂ ಮುಗ್ಗಲು ವಾಸನೆ. ಪೇಟೆಯಲ್ಲಿ ಒಬ್ಬರು ಕೊಂಕಣಿ, ಇನ್ನೊಬ್ಬರು ಉರ್ದು. ನಮ್ಮದೇ ಕನ್ನಡ ಆಡುವವರು ಸಿಕ್ಕರೆ ಗಂಗವ್ವ ಅವರ ಕೈ ಹಿಡಿದು ಬಿಡುತ್ತಲೇ ಇರಲಿಲ್ಲ. ಊರಲ್ಲಿ ಕಟ್ಟೆಯ ಮೇಲೆ ಕೂತು ಹಾದು ಹೋಗುವವರನ್ನೆಲ್ಲ ಕೂಗಿ ಮಾತಾಡಿಸಿದ ಹೆಂಗಸು ಅವಳು. ಇಲ್ಲಿ ಮಳೆಯ ಸದ್ದಿಗೆ ಎದುರು ಮನೆಯವರಿಗೂ ಅವಳ ಕೂಗು ಕೇಳುತ್ತಿರಲಿಲ್ಲ.

ಆಮೇಲೆ ಅಂಗಳ ಪಾಚಿಗಟ್ಟಿ ಹಸಿರಾಯಿತು. ಇಲ್ಲಿಯವರು ಅದಕ್ಕೆ ಶೇವಾಳ ಎನ್ನುತ್ತಾರೆ. ನಮ್ಮ ಕಡೆ ಹಾವಸಿ, ಹಳೇ ಬಾವಿಯ ಮೆಟ್ಟಿಲ ಮೇಲೆ ಮಾತ್ರ ಕಂಡದ್ದು. ದಿನಾ ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿ ಪೊರಕೆಯಿಂದ ತಿಕ್ಕುತ್ತಿದ್ದೆ. ಆದರೆ ವಿಠ್ಠಲರಾಯರ ತಾರಸಿಯ ನೀರೆಲ್ಲ ಒಂದು ಪೈಪಿನಿಂದ ನೇರವಾಗಿ ನಮ್ಮ ಬಾಗಿಲ ಮುಂದೆ ಸುರಿಯುತ್ತಿತ್ತು. ಪೈಪನ್ನು ಗಟಾರಕ್ಕೆ ತಿರುಗಿಸಿರೆಂದು ನಾನು ಕೇಳಿದೆ, ಬಸವರಾಜ ಕೇಳಿದ, ಕೊನೆಗೆ ಗಂಗವ್ವನೇ ಹೋಗಿ ಕೈಮುಗಿದು ಕೇಳಿದಳು.

“ಮಳಿ ನಿಂತ ಮ್ಯಾಲೆ ನೋಡೂಣು” ಎಂದರು ರಾಯರು.

ಮಳೆ ನಿಲ್ಲುವ ಮೊದಲೇ ಗಂಗವ್ವ ಬಿದ್ದಳು. ಹಾಲಿನವನ ದನಿ ಕೇಳಿ ಪಾತ್ರೆ ಹಿಡಿದು ಹೊರಟವಳು ಪೈಪಿನ ಕೆಳಗೇ ಜಾರಿದಳು. ಸೊಂಟದ ಎಲುಬು ಮುರಿಯಿತು. ಆಟೋದಲ್ಲಿ ಮಲಗಿಸುವಾಗ ಅವಳು ಅಳಲಿಲ್ಲ. ಸೀರೆ ಹಸಿರಾಯಿತಲ್ಲ ಎಂದು ನಾಚಿ ಸೆರಗು ಎಳೆದುಕೊಳ್ಳುತ್ತಿದ್ದಳು.

ಓಣಿಯವರೆಲ್ಲ ಸೇರಿದ್ದರು. ವಿಠ್ಠಲರಾಯರು ತಮ್ಮ ಕಟ್ಟೆಯಿಂದ ಕೆಳಗೆ ಇಳಿಯಲಿಲ್ಲ. ಅಲ್ಲಿಂದಲೇ ನನಗೆ ಹೇಳಿದರು: “ನೀರ ಕಾಣದ ಸೀಮಿಯವ್ರು ನೀವು. ನಿಮಗ ಅಂಗಳ ತೊಳಿಯಾಕ ಬರೂದಿಲ್ಲ, ನಡಿಯಾಕೂ ಬರೂದಿಲ್ಲ.”

ಆ ಮಾತನ್ನು ನಾನು ಮರೆಯಲಿಲ್ಲ. ಗಂಗವ್ವ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮನೆ ಖಾಲಿ ಮಾಡಲು ಹೇಳಿದರು. ಹಾಸಿಗೆ ಹಿಡಿದ ಮುದುಕಿ ಮನೆಯಲ್ಲಿರುವುದು ಅವರಿಗೆ ಬೇಡವಂತೆ. ನಾವು ಬೇರೆ ಓಣಿಯ ಒಂದು ಕೋಣೆಗೆ ಹೋದೆವು. ಗಂಗವ್ವ ಮಾತ್ರ “ಈ ಜಾರೂ ನೆಲದ ಮ್ಯಾಲೆ ನಾ ಇನ್ನ ಕಾಲಿಡೂದಿಲ್ಲ” ಎಂದು ಹಟ ಹಿಡಿದು ಊರಿಗೆ, ನನ್ನ ಮೈದುನನ ಮನೆಗೆ ಹೊರಟುಹೋದಳು.

ನಾನು ಜೋಯಿಡಾ ರಸ್ತೆಯ ಒಂದು ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿದೆ. ಹೊಳೆಯ ಕಡೆ ಚಾಚಿದ ಹಲಗೆಯ ಜಗಲಿಗಳು ಅಲ್ಲಿವೆ, ಡೆಕ್ ಎನ್ನುತ್ತಾರೆ. ಬೆಂಗಳೂರು, ಗೋವಾದವರು ಅದರ ಮೇಲೆ ಕೂತು ಚಹಾ ಕುಡಿಯುತ್ತಾರೆ. ಅವರು ಏಳುವ ಮೊದಲು ಅದು ಜಾರದಂತೆ ಇರಬೇಕು. ಹಲಗೆಗಳ ಸಂದಿನಲ್ಲಿ ಸಿಕ್ಕ ಕೊಳೆತ ಎಲೆಯನ್ನು ಕಡ್ಡಿಯಿಂದ ಕೆದಕಿ ತೆಗೆದು, ಸೋಪಿನ ನೀರು ಹಾಕಿ, ಕಟ್ಟಿಗೆಯ ಎಳೆ ಹೋದ ಕಡೆಗೇ ಬ್ರಶ್ ಎಳೆಯಬೇಕು. ಅಡ್ಡ ತಿಕ್ಕಿದರೆ ನಾರು ಏಳುತ್ತದೆ. ಬ್ಲೀಚಿಂಗ್ ಹಾಕಿದರೆ ಹಲಗೆ ಬೆಳ್ಳಗಾಗಿ ಸಾಯುತ್ತದೆ. ಚಳಿಗಾಲದಲ್ಲಿ ಎಣ್ಣೆ ಕುಡಿಸಬೇಕು. ಇದನ್ನೆಲ್ಲ ಬೇಗ ಕಲಿತೆ, ಏಕೆಂದರೆ ಪ್ರತಿ ಹಲಗೆಯಲ್ಲೂ ನನಗೆ ವಿಠ್ಠಲರಾಯರ ಮುಖ ಕಾಣುತ್ತಿತ್ತು. ಅಷ್ಟು ಸ್ವಚ್ಛವಾಗಿ ತೊಳೆಯುವ ಹೆಂಗಸು ಮತ್ತೊಬ್ಬಳಿಲ್ಲ ಎಂದು ಮ್ಯಾನೇಜರು ಹೊಗಳುತ್ತಿದ್ದರು. ನಾನು ಹಲ್ಲು ಕಚ್ಚಿರುವುದು ಅವರಿಗೆ ಕಾಣುತ್ತಿರಲಿಲ್ಲ.

ಅಲ್ಲಿನ ಯಂತ್ರ ರಿಪೇರಿಗೆ ಬರುತ್ತಿದ್ದವರು ನಮ್ಮ ಹಳೇ ಓಣಿಯ ಮೆಕ್ಯಾನಿಕ್ ಮುಷ್ತಾಕ್ ಭಾಯಿ. ಅವರ ಗ್ಯಾರೇಜಿನಲ್ಲಿ ಬೈಕ್ ತೊಳೆಯುವ ಜೋರು ನೀರಿನ ಯಂತ್ರವಿತ್ತು. ರವಿವಾರ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಮನೆಮನೆಯ ಅಂಗಳ ತೊಳೆಯುವ ಕೆಲಸವನ್ನು ನಾವಿಬ್ಬರೂ ಶುರುಮಾಡಿದೆವು. ಕಾಂಕ್ರೀಟು ಕಟ್ಟಿಗೆಯಂತಲ್ಲ, ಎಷ್ಟು ಜೋರಾಗಿ ನೀರು ಬಿಟ್ಟರೂ ತಡೆಯುತ್ತದೆ.

ಮುಂದಿನ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಒಂದು ರವಿವಾರ ಟೆಂಪೋ ನಿಂತದ್ದು ವಿಠ್ಠಲರಾಯರ ಗೇಟಿನ ಮುಂದೆ. ಅವರು ಫೋನಿನಲ್ಲಿ ಮುಷ್ತಾಕ್ ಭಾಯಿಯನ್ನು ಕರೆದಿದ್ದರು. ನಾನೂ ಬರುತ್ತೇನೆಂದು ರಾಯರಿಗೆ ಗೊತ್ತಿರಲಿಲ್ಲ.

“ನೀನಾ?” ಎಂದರು. ಒಂದು ಕ್ಷಣ ತಡೆದು, “ಇರಲಿ. ನಾಳೆ ಹಿಂದಿನ ಮನಿ ನೋಡಾಕ ಮಂದಿ ಬರ್ತಾರ. ನಾ ಹಳಿಯಾಳಕ್ಕ ಮದುವಿಗೆ ಹೊಂಟೇನಿ. ಬರೂದ್ರೊಳಗ ಮುಗಸು” ಎಂದು ಕಾರು ಹತ್ತಿದರು. ಗಂಗವ್ವ ಹೇಗಿದ್ದಾಳೆಂದು ಕೇಳಲಿಲ್ಲ.

ಪೈಪು ಅಲ್ಲೇ ಇತ್ತು. ಅಂಗಳ ಗೇಟಿನವರೆಗೂ ದಪ್ಪ ಹಸಿರು ಕಂಬಳಿಯಂತಾಗಿತ್ತು. ನಾನು ಪೈಪಿನ ಕೆಳಗೆ ನಿಂತು ಯಂತ್ರದ ಮೂತಿಯನ್ನು ನೆಲಕ್ಕೆ ಹಿಡಿದೆ. ಹಾವಸಿ ಎದ್ದು ಹೋದಲ್ಲಿ ಬಿಳಿ ಕಾಂಕ್ರೀಟು ಗೆರೆಯಾಗಿ ಕಂಡಿತು. ಆ ಗೆರೆಯನ್ನು ಬಗ್ಗಿಸಿದೆ. ‘ಗ’ ಆಯಿತು.

“ಭಾಭಿ, ಇದೇನ್ ನಡಸೀರಿ?” ಮುಷ್ತಾಕ್ ಭಾಯಿ ಓಡಿಬಂದರು.

ನಾನು ನಿಲ್ಲಿಸಲಿಲ್ಲ. ಅವರು ಓದಿದರು. ಗಂಗವ್ವನನ್ನು ಆಟೋಗೆ ಎತ್ತಿದವರಲ್ಲಿ ಅವರೂ ಒಬ್ಬರಾಗಿದ್ದರು. ಗೇಟಿನವರೆಗೆ ಹೋಗಿ, ತಿರುಗಿ ನಿಂತು ಕೂಗಿದರು: “ಇನ್ನೂ ದೊಡ್ಡದು ಬರೀರಿ! ಇಲ್ಲಿಂದ ಕಾಣಂಗಿಲ್ಲ.”

ದೊಡ್ಡದಾಗಿಯೇ ಬರೆದೆ: ಗಂಗವ್ವ ಇಲ್ಲೇ ಬಿದ್ದಳು. ಅದರ ಕೆಳಗೆ: ಪೈಪ್ ಇನ್ನೂ ಹಂಗ ಐತಿ.

ಕೂಲಿಗೆ ಕಾಯದೆ ಹೊರಟೆವು. ಅಷ್ಟು ರುಚಿಯಾಗಿ ಊಟ ಮಾಡಿದ್ದು ಈ ಊರಿಗೆ ಬಂದ ಮೇಲೆ ಅದೇ ಮೊದಲು.

ರಾತ್ರಿ ಕತ್ತಲಲ್ಲಿ ಬಂದ ರಾಯರಿಗೆ ಏನೂ ಕಾಣಲಿಲ್ಲವಂತೆ. ಮರುದಿನ ಮನೆ ನೋಡಲು ಬಂದವರು ಗೇಟಿನಲ್ಲೇ ನಿಂತು ಓದಿ, ಗಂಗವ್ವ ಯಾರೆಂದು ಓಣಿಯವರನ್ನು ಕೇಳಿ, ಹಾಗೆಯೇ ಹಿಂದಿರುಗಿದರಂತೆ. ರಾಯರು ತಾವೇ ಪೊರಕೆ ಹಿಡಿದು ತಿಕ್ಕಿದರಂತೆ, ಓಣಿಯ ಹೆಂಗಸರು ಕಟ್ಟೆಗಳ ಮೇಲೆ ನಿಂತು ನೋಡಿದರಂತೆ. ಮಧ್ಯಾಹ್ನ ಫೋನು ಬಂತು.

“ಬರದಿದ್ದನ್ನ ಈಗಿಂದೀಗ ಬಂದು ಅಳಿಸು!”

“ನಾ ಏನೂ ಬರದಿಲ್ರಿ. ಅಕ್ಷರದಷ್ಟ ತೊಳದೇನಿ. ಉಳಿದಿದ್ದನ್ನ ನೀವು ತೊಳಸ್ರಿ, ತಾನ ಅಳಿಸಿ ಹೋಗ್ತೈತಿ.”

ಅವರು ಬೈದದ್ದನ್ನು ಇಲ್ಲಿ ಬರೆಯಲಾರೆ. ಪೂರ್ತಿ ಕೇಳಿಸಿಕೊಂಡೆ, ಸುಖವಾಯಿತು. ಆ ವಾರವೇ ಆಳುಗಳು ಬಂದು ಇಡೀ ಅಂಗಳ ತಿಕ್ಕಿ ತೊಳೆದರು. ಪೈಪು ಗಟಾರಕ್ಕೆ ತಿರುಗಿತು.

ದೀಪಾವಳಿಗೆ ಒಬ್ಬಳೇ ಊರಿಗೆ ಹೋದೆ; ಬಸವರಾಜನಿಗೆ ರಜೆ ಸಿಗಲಿಲ್ಲ. ಮಂಚದ ಮೇಲಿದ್ದ ಗಂಗವ್ವನಿಗೆ ಮೊಬೈಲಿನಲ್ಲಿ ಆ ದಿನ ತೆಗೆದಿದ್ದ ಅಂಗಳದ ಫೋಟೋ ತೋರಿಸಿದೆ. ಅವಳಿಗೆ ಓದು ಬಾರದು.

“ಇದ್ರಾಗ ನನ್ನ ಹೆಸರು ಯಾವುದು?”

ತೋರಿಸಿದೆ. ಬೆರಳಿನಿಂದ ಅದರ ಮೇಲೆ ಸವರಿದಳು. ಬಾಯ್ತುಂಬ ನಕ್ಕಳು. ಅವಳು ನಕ್ಕದ್ದನ್ನು ಬಹಳ ದಿನದ ಮೇಲೆ ಕಂಡೆ.

“ಇನ್ನೂ ಐತೇನು?”

“ಇಲ್ಲವ್ವ. ಎಲ್ಲಾ ತೊಳಿಸಿದ್ರು.”

“ಹಂಗಾದ್ರ ಅಲ್ಲಿ ಇನ್ನ ಯಾರೂ ಬೀಳೂದಿಲ್ಲ.” ಮೊಬೈಲನ್ನು ನನ್ನ ಕೈಗೆ ಕೊಟ್ಟಳು. “ನಾ ಬಿದ್ದಿದ್ದು ಅಷ್ಟ ಉಳೀತು.”

ಅದನ್ನು ತೊಳೆಯಲು ನನ್ನ ಬಳಿ ಯಾವ ಯಂತ್ರವೂ ಇರಲಿಲ್ಲ. ಸಿಟ್ಟು ಮತ್ತೆ ಮೊದಲಿನಷ್ಟೇ ಆಯಿತು. ಊರಿನ ಬಿಸಿಲು ಹಿತವಾಗಿತ್ತು, ರೊಟ್ಟಿ ಹಿತವಾಗಿತ್ತು, ಆದರೆ ಧೂಳಿಗೆ ನಾನು ಕೆಮ್ಮತೊಡಗಿದ್ದೆ. ಎಲ್ಲರೂ ಕೂತಿದ್ದಾಗ ನನ್ನ ಬಾಯಿಂದ ಬಂದೇಬಿಟ್ಟಿತು: “ನಾಳೆ ಊರಿಗೆ ಹೋಗಬೇಕು.”

“ಯಾವ ಊರಿಗೆ?” ಎಂದಳು ಗಂಗವ್ವ. “ನನ್ನ ಕಾಲು ತಿಂದ ನೆಲಾ ಅದು. ಅದಕ್ಕ ಊರು ಅಂತೀಯೇನು?”

ನಾನು ಚೀಲ ತುಂಬಿಕೊಂಡೆ. ಅವಳು ಗೋಡೆಯ ಕಡೆ ಹೊರಳಿದಳು. ನನ್ನತ್ತ ನೋಡದೆಯೇ ಒಳಗಿದ್ದ ನನ್ನ ಓರಗಿತ್ತಿಯನ್ನು ಕೂಗಿದಳು: “ರೊಟ್ಟಿ ಇಬ್ಬರಿಗೆ ಆಗೂವಷ್ಟು ಕಟ್ಟು. ಅಲ್ಲಿ ನನ್ನ ಮಗಾ ದಾರಿ ಕಾಯಾಕತ್ತಾನ.”